ಸಾರಿಸದೆ ಬಿಟ್ಟ ನಾಲ್ಕು ಮೊಳ

ಬೆಳಗಿನ ಐದು ಗಂಟೆ. ಉಪ್ಪಿನಬೆಟಗೇರಿಯ ಕಡೆಯಿಂದ ಹತ್ತಿ ಹೇರಿಕೊಂಡ ಚಕ್ಕಡಿಗಳು ಧಾರವಾಡಕ್ಕೆ ಬಂದು ಸೇರುವ ಹೊತ್ತು. ಊರ ಅಂಚಿನ ಹಳ್ಳದ ಪಕ್ಕದಲ್ಲಿ, ಮಣ್ಣಿನ ಗೋಡೆಯ ಆವಾರದೊಳಗೆ, ಸತ್ಯವ್ವ ಆಗಲೇ ಅರ್ಧ ಕೆಲಸ ಮುಗಿಸಿದ್ದಾಳೆ. ಕಸ ಹೊಡೆದಾಗಿದೆ, ನೀರು ಚಿಮುಕಿಸಿ ಥಳಿ ಹೊಡೆದಾಗಿದೆ. ಈಗ ಸೆರಗನ್ನು ಸೊಂಟಕ್ಕೆ ಬಿಗಿದು, ಮೊಣಕಾಲೂರಿ, ಸಗಣಿಯ ನೀರಿನಲ್ಲಿ ಕೈ ಅದ್ದಿ, ನೆಲ ಸಾರಿಸುತ್ತ ಹಿಂದೆ ಹಿಂದೆ ಸರಿಯುತ್ತಿದ್ದಾಳೆ. ಕೈ ಬಲದಿಂದ ಎಡಕ್ಕೆ ಒಂದು ಕಮಾನು ಬರೆಯುತ್ತದೆ. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು. ಬೆಳಕು ಹರಿಯುವಷ್ಟರಲ್ಲಿ ಅಂಗಳದ ತುಂಬ ಕಮಾನುಗಳ ಸಾಲು.

ಬೇವಿನ ಮರದ ಬುಡಕ್ಕೆ ಬಂದಾಗ ಮಾತ್ರ ಕೈ ನಿಲ್ಲುತ್ತದೆ. ಅಲ್ಲಿ ನಾಲ್ಕು ಮೊಳ ಉದ್ದ, ಒಂದೂವರೆ ಮೊಳ ಅಗಲದ ನೆಲ ಒಣಗಿ ಬಿರಿದು, ಧೂಳು ಹಿಡಿದು ಬಿದ್ದಿದೆ. ಸತ್ಯವ್ವ ಅದನ್ನು ಬಳಸಿಕೊಂಡು ಆ ಕಡೆಗೆ ಹೋಗುತ್ತಾಳೆ. ಅಂಚನ್ನು ಎಷ್ಟು ಜೋಕೆಯಿಂದ ಸಾರಿಸುತ್ತಾಳೆಂದರೆ ಒಂದು ಹನಿಯೂ ಒಳಗೆ ಬೀಳುವುದಿಲ್ಲ.

"ಇದೊಂದಿಷ್ಟು ಉಳೀತಲ್ಲವ್ವಾ?" ಎಂದರೆ, "ಅದಕ್ಕ ಸಾರಣಿ ಇಲ್ರಿ," ಎಂದಷ್ಟೇ ಹೇಳಿ ಬಕೀಟು ಎತ್ತಿಕೊಳ್ಳುತ್ತಾಳೆ.

ಇದು ಮನೆಯ ಅಂಗಳವಲ್ಲ, ಗುಡಿಯದೂ ಅಲ್ಲ. ಶಿಂದಿ ಅಂಗಡಿಯದು, ಹೆಂಡ ಮಾರುವಲ್ಲಿಯದು. ಬಾಗಿಲ ಮೇಲಿನ ಸರಕಾರದ ಹಲಗೆಯಲ್ಲಿ ಅಂಗಡಿಯ ನಂಬರು, ಗುತ್ತೇದಾರರ ಹೆಸರು ಎಲ್ಲ ಇವೆ. ಆದರೆ ಅದನ್ನು ಓದಿ ಬಂದವರು ಯಾರೂ ಇಲ್ಲ. ಹದಿನೇಳು ವರ್ಷಗಳಿಂದ ಊರಿನ ಬಾಯಲ್ಲಿ ಇದರ ಹೆಸರು "ಸತ್ಯವ್ವನ ಅಂಗಳ". ಹಮಾಲರು ಹಾಗೇ ಅನ್ನುತ್ತಾರೆ, ಚಕ್ಕಡಿಯವರು ಹಾಗೇ ಅನ್ನುತ್ತಾರೆ, ಗಂಡನನ್ನು ಹುಡುಕಿಕೊಂಡು ಬರುವ ಹೆಂಗಸರೂ ಹಾಗೇ ಕೇಳಿಕೊಂಡು ಬರುತ್ತಾರೆ. ಈ ದಾರಿಯನ್ನೇ ತುಳಿಯದ ಮಾಳಮಡ್ಡಿಯ ಮನೆಗಳಲ್ಲಿ, ಯಾರೋ ಪುಣ್ಯವಂತೆ ಶ್ರಾವಣದಲ್ಲಿ ಪುರಾಣ ಹಚ್ಚಿಸುವ ಜಾಗವಿರಬೇಕು ಎಂದುಕೊಂಡವರಿದ್ದಾರೆ. ಈ ಲೇಖನ ಬರೆಯುತ್ತಿರುವವನೂ ಅವರಲ್ಲೊಬ್ಬ.

ಬರುವ ಅಮಾವಾಸ್ಯೆಗೆ ಅಂಗಡಿ ಮುಚ್ಚುತ್ತದೆ. ಕುಡಿತ ನಿಲ್ಲಿಸಲೆಂದು ಸರಕಾರ ಒಂದೊಂದಾಗಿ ಇಂಥ ಅಂಗಡಿಗಳ ಬಾಗಿಲು ಹಾಕಿಸುತ್ತಿದೆ. ಈ ಸಲ ಇದರ ಪಾಳಿ. ಜಾಗವನ್ನು ಹತ್ತಿಯ ವ್ಯಾಪಾರಿಯೊಬ್ಬರು ಮಾಲು ತುಂಬಿಡುವ ವಖಾರಿಗೆಂದು ಹಿಡಿದಿದ್ದಾರೆ. ಮರುದಿನ ಬೆಳಿಗ್ಗೆ ಎಂಟಕ್ಕೆ ಗೌಂಡಿಗಳು ಬಂದು ಅಂಗಳಕ್ಕೆಲ್ಲ ಫರಸಿ ಕಲ್ಲು ಹಾಸುತ್ತಾರಂತೆ. ಮುಚ್ಚುವುದು ಒಳ್ಳೆಯದೇ. ಅದಕ್ಕಾಗಿ ಯಾರೂ ಅಳಬೇಕಿಲ್ಲ, ಸತ್ಯವ್ವನೂ ಅಳುತ್ತಿಲ್ಲ. ಅವಳ ಚಿಂತೆ ಕಲ್ಲಿನದು.

ಸತ್ಯವ್ವನ ದಿನದ ಕೆಲಸ ಹೀಗೆ: ಏಳುವುದು ಮೂರೂವರೆಗೆ. ಚಕ್ಕಡಿ ಬಿಡುವ ಬಯಲಿನಿಂದ ನಾಲ್ಕು ಪುಟ್ಟಿ ಸಗಣಿ ಆಯ್ದು ತರುವುದು. ಹಳ್ಳದ ಬಾವಿಯಿಂದ ಹದಿನಾಲ್ಕು ಕೊಡ ನೀರು. ಅಂಗಳ ಉದ್ದಕ್ಕೆ ನಲವತ್ತೆರಡು ಮೊಳ, ಅಗಲಕ್ಕೆ ಇಪ್ಪತ್ತಾರು. ಅಳೆದದ್ದು ಅವಳ ಕೈಯೇ. ಆಮೇಲೆ ಶಿಂದಿ ಕುಡಿಯುವ ಮಣ್ಣಿನ ಮಗಿಗಳನ್ನು ಬೂದಿ ಹಚ್ಚಿ ತಿಕ್ಕುವುದು. ಸಂತೆಯ ದಿನ ಇನ್ನೂರು ಮಗಿಗಳಾದರೂ ಆಗುತ್ತವೆ. ಬಲಗೈಯ ಬೆರಳ ತುದಿಗಳಲ್ಲಿ ಗೆರೆಯೇ ಉಳಿದಿಲ್ಲ.

"ಮೊನ್ನಿ ರೇಶನ್ ಕಾರ್ಡಿಗೆ ಹೆಬ್ಬಟ್ಟ ಒತ್ತಂದ್ರು," ಎಂದು ಕೈ ಚಾಚಿ ತೋರಿಸುತ್ತಾಳೆ. "ಒತ್ತಿದೆ. ಬರೇ ಕರೀ ಚುಕ್ಕಿ ಮೂಡ್ತು. ಕಾರಕೂನ, 'ಇದೇನ ಮುದಕೀ, ನೀ ಇದ್ದೀಯೋ ಇಲ್ಲೋ?' ಅಂದ. 'ಅರ್ಧಾ ಇದ್ದೇನ್ರೀ ಸಾಹೇಬ್ರ, ಉಳಿದರ್ಧಾ ಅಂಗಳದಾಗ ಹೋಗೇತಿ' ಅಂದೆ."

ಅಂಗಡಿಯೊಳಗೆ ಮಗಿ ತುಂಬಿ ಕೊಡುವ ಉಡಚಪ್ಪ ಅದನ್ನು ಕೇಳಿ ನಗುತ್ತಾನೆ. ಇಬ್ಬರೂ ಹೆಚ್ಚುಕಡಿಮೆ ಒಂದೇ ವರ್ಷ ಇಲ್ಲಿ ಕೆಲಸಕ್ಕೆ ಸೇರಿದವರು. ಹದಿನೇಳು ವರ್ಷದಲ್ಲಿ ಅವನು ಅವಳಿಗೆ ತಮ್ಮನಾಗಿದ್ದಾನೆ, ಅವಳು ಅವನಿಗೆ ಅಕ್ಕ.

ಮೂವತ್ತೊಂದನೆಯ ಇಸವಿಗಿಂತ ಮೊದಲು ಇಲ್ಲಿ ಅಂಗಳವೆನ್ನುವಂಥದ್ದು ಇರಲಿಲ್ಲ. ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ನೊಣ. ತಿಂದ ಮೀನಿನ ಮುಳ್ಳು, ಒಡೆದ ಮಗಿ, ಕಾರಿಕೊಂಡದ್ದು ಎಲ್ಲ ಅಲ್ಲಲ್ಲೇ. ಕುಡಿದವರು ಮೂಗು ಹಿಡಿದುಕೊಂಡು ಹೊರಗೆ ಬೀಳುತ್ತಿದ್ದರು. ಸತ್ಯವ್ವನ ಗಂಡ ದುರಗಪ್ಪ ಸ್ಟೇಶನ್ನಿನಲ್ಲಿ ಹತ್ತಿಯ ಮೂಟೆ ಹೊರುವ ಹಮಾಲ. ಗಂಡನ ಹೆಸರು ಸತ್ಯವ್ವ ಹೇಳುವುದಿಲ್ಲ; ಹೇಳಿದವನು ಉಡಚಪ್ಪ. ಎರಡಾಳಿನ ಭಾರ ಒಬ್ಬನೇ ಎತ್ತುತ್ತಿದ್ದನಂತೆ, ಸಂಜೆಗೆ ಎರಡಾಳಿನಷ್ಟು ಕುಡಿಯುತ್ತಲೂ ಇದ್ದನಂತೆ. ಹೊತ್ತು ಮುಳುಗಿದ ಮೇಲೆ ಬೇವಿನ ಮರದ ಬುಡದಲ್ಲಿ ಬಿದ್ದುಕೊಳ್ಳುವನು. ಅರ್ಧ ನಿದ್ದೆಯಲ್ಲಿ ನೊಣ, ಇರುವೆ, ನಾತ ತಡೆಯಲಾಗದೆ ಎದ್ದು ತೂರಾಡುತ್ತ ಮನೆಗೆ ಬರುವನು. ಬರದ ದಿನ ಸತ್ಯವ್ವನೇ ಬೆಳಗಾಗುವ ಮೊದಲು ಬಂದು ಎಬ್ಬಿಸುವಳು.

"ಬಂದ ನೋಡಿದ್ರ ಹೇಸಿಕ್ಯಾಗ ಮಾರಿ ಇಟ್ಟ ಮಲಗಿರ್ತಿದ್ದ ರೀ," ಎನ್ನುತ್ತಾಳೆ. "ಕುಡೀಲಿ, ಹಣ್ಯಾಗ ಬರದದ್ದು ನಾ ಅಳಿಸಾಕ ಆಗಂಗಿಲ್ಲ. ಆದ್ರ ಹೇಸಿಕ್ಯಾಗ? ನನ್ನ ಜೀವಕ್ಕ ತಾಳಲಿಲ್ಲ. ಒಂದಿನಾ ಮನ್ಯಾಗಿಂದ ಬಕೀಟ ತಂದೆ. ಅಂವ ಮಲಗೂ ಜಾಗಾ, ಅಷ್ಟ, ನಾಕ ಮೊಳಾ, ಸಾರಿಸಿದೆ."

ಊರಿಗೆಲ್ಲ ಗೊತ್ತಿರುವ ಈ ಅಂಗಳ ಹುಟ್ಟಿದ್ದು ಆ ನಾಲ್ಕು ಮೊಳದಿಂದ. ಒಬ್ಬನ ಮೈ ಹಿಡಿಯುವಷ್ಟು ಜಾಗ. ಅದರ ಸುತ್ತಲಿನ ಹೊಲಸು ಮರುದಿನಕ್ಕೆ ಒಳಗೆ ಬರುತ್ತಿತ್ತೆಂದು ಇನ್ನಷ್ಟು ಸಾರಿಸಿದಳು. ಹದಿನೈದು ದಿನದಲ್ಲಿ ಮರದ ನೆರಳೆಲ್ಲ ಹಸನಾಯಿತು. ಗುತ್ತೇದಾರರು ಬಂದು ನೋಡಿದರು. ಗಿರಾಕಿಗಳೆಲ್ಲ ಆ ನೆರಳಿಗೇ ಹೋಗಿ ಕೂತಿದ್ದರು. ಪೂರ್ತಿ ಅಂಗಳ ಸಾರಿಸಲು ಅವಳನ್ನೇ ಸಂಬಳಕ್ಕೆ ಇಟ್ಟುಕೊಂಡರು.

ಚಪ್ಪಲಿಯ ಪದ್ಧತಿ ಬಂದದ್ದೂ ಆಗಲೇ. ಚಕ್ಕಡಿಯವನೊಬ್ಬ ಹಸಿ ನೆಲದ ಮೇಲೆ ಕೆಸರುಗಾಲಿನ ಚಪ್ಪಲಿ ಊರಿಕೊಂಡು ಹೋದ. ಸತ್ಯವ್ವ ಬೈಯಲಿಲ್ಲ. ಅವನ ಹಿಂದೆಯೇ ಕೂತು, ಒಂದೊಂದೇ ಹೆಜ್ಜೆಯ ಗುರುತು ಸಾರಿಸುತ್ತ ಬಂದಳು. ಅವನು ತಿರುಗಿ ನೋಡಿದ. ಮರುದಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟ. ಅವನನ್ನು ನೋಡಿ ಉಳಿದವರೂ ಬಿಟ್ಟರು. ಇವತ್ತಿಗೂ ಸಂಜೆ ಈ ಬಾಗಿಲ ಹೊರಗೆ ಚಪ್ಪಲಿಗಳ ಸಾಲು ನಿಲ್ಲುತ್ತದೆ. ಹಬ್ಬದ ದಿನ ಗುಡಿಯ ಮುಂದೆ ನಿಂತ ಹಾಗೆ.

ಹೆಸರಿಟ್ಟವನು ಟಾಂಗಾದ ದಸ್ತಗೀರಸಾಬ. ಈಗ ಅರವತ್ತು ದಾಟಿದ್ದಾನೆ; ಕುದುರೆಗೂ ಮುಪ್ಪು.

"ನಾ ಒಂದ ಹನಿ ಮುಟ್ಟಿದಾಂವ ಅಲ್ರಿ," ಎಂದು ಮೊದಲೇ ಹೇಳಿಬಿಡುತ್ತಾನೆ. "ಆದ್ರ ಮುಟ್ಟಾವರನ್ನ ಹೊತ್ತ ಹಾಕಿದ್ದು ಸಾವಿರ ಖೇಪ ಆತು. ಸ್ಟೇಶನ್ ಮುಂದ ನಿಂತು 'ಶಿಂದಿ ಅಂಗಡೀ' ಅಂತ ಒದರಿದ್ರ ಶರೀಫ ಮಂದಿ ಹತ್ತಂಗಿಲ್ರಿ. ಒಂದಿನಾ ಬಾಯಿಗೆ ಬಂತು, 'ಸತ್ಯವ್ವನ ಅಂಗಳಾ, ಸತ್ಯವ್ವನ ಅಂಗಳಾ!' ಅಂತ ಒದರಿದೆ. ಎರಡ ದಿನದಾಗ ಕೋಟು ರುಮಾಲಿನವರೂ ಹತ್ತಿ ಕುಂತ್ರು ನೋಡ್ರಿ."

"ಅಕಿನ್ನ ಕೇಳಿ ಇಟ್ಟಿದ್ಯಾ ಹೆಸರು?"

ದಸ್ತಗೀರಸಾಬ ಕುದುರೆಯ ಕತ್ತು ಸವರುತ್ತಾನೆ. "ಕೇಳಲಿಲ್ರಿ. ಅದ ತಪ್ಪಾತು."

ಸತ್ಯವ್ವನಿಗೆ ಆಗ ತಪ್ಪು ಅನಿಸಿರಲಿಲ್ಲ. "ಸುಳ್ಳ ಯಾಕ ಹೇಳಲಿ, ಹಿಗ್ಗಿದೆ ರೀ," ಎನ್ನುತ್ತಾಳೆ. "ನನ್ನ ಹೆಸರಿಲೆ ಹೊಲಾ ಇಲ್ಲ, ಮನಿ ಇಲ್ಲ. ಇರೂದು ಬಾಡಿಗಿ ಖೋಲಿ, ಬಾಗಲಾ ತೆಗದ್ರ ಗಟಾರ. ಊರ ಮಂದಿ ಬಾಯಾಗ ನನ್ನ ಅಂಗಳಾ ಅಂದ್ರ ಯಾರಿಗೆ ಹಿಗ್ಗ ಆಗಂಗಿಲ್ಲ? ಮತ್ತಷ್ಟ ಒತ್ತಿ ಸಾರಿಸಿದೆ."

ದೇವರ ಅಂಗಳ ಗುಡಿಸಿ ಮುಕ್ತಿ ಪಡೆದವರ ಕಥೆಗಳನ್ನು ನಾವು ಪುರಾಣಗಳಲ್ಲಿ ಎಷ್ಟು ಸಲ ಕೇಳಿಲ್ಲ! ಕಥೆಯ ಕೊನೆಗೆ ದೇವರು ತಾನೇ ಆ ಅಂಗಳಕ್ಕೆ ಇಳಿದು ಬರುತ್ತಾನೆ. ಓದುವವರ ದನಿ ಅಲ್ಲಿ ಏರುತ್ತದೆ, ಕೇಳುವವರ ಕೈಗಳು ತಾವಾಗಿ ಕೂಡುತ್ತವೆ. ಕುಡಿಯುವವರ ಅಂಗಳ ಗುಡಿಸಿದವಳ ಕಥೆಯನ್ನು ಯಾರೂ ಓದಿದ್ದಿಲ್ಲ. ಓದಬೇಕೆಂದರೆ ಯಾವ ದನಿಯಲ್ಲಿ ಓದಬೇಕೆಂಬುದೂ ತಿಳಿಯದು. ಭಕ್ತಿ ಅದೇ, ಸಗಣಿ ಅದೇ, ಬಗ್ಗಿದ ಬೆನ್ನು ಅದೇ. ಬಂದು ಕೂತವರು ಬೇರೆ.

ಅಂಗಳ ಹಸನಾದ ಮೇಲೆ ದುರಗಪ್ಪ ಮನೆಗೆ ಬರುವುದು ಕಡಿಮೆಯಾಯಿತು. ಅದನ್ನು ಸತ್ಯವ್ವ ಆಗ ಲೆಕ್ಕಕ್ಕೆ ಹಿಡಿಯಲಿಲ್ಲ. ಬೆಳಿಗ್ಗೆ ಹೇಗೂ ತಾನೇ ಬರುತ್ತಾಳೆ, ಎಬ್ಬಿಸುತ್ತಾಳೆ. "ಏಳ, ಬೆಳಗಾತು, ಮನಿಗೆ ನಡಿ," ಅನ್ನುವಳು. ಅವನು ಎದ್ದು ಹೋದ ಮೇಲೆ ಆ ಜಾಗವನ್ನೂ ಸಾರಿಸುವಳು. ಆರು ವರ್ಷ ಹೀಗೇ ನಡೆಯಿತು.

ಮೂವತ್ತೇಳನೆಯ ಇಸವಿ, ಎಳ್ಳಮಾವಾಸ್ಯೆಯ ಎಡಬಲದ ಚಳಿ. ಅವತ್ತಿನ ಮಾತನ್ನು ಸತ್ಯವ್ವ ಮಗಿ ತಿಕ್ಕುತ್ತಲೇ ಹೇಳುತ್ತಾಳೆ, ತಲೆ ಎತ್ತುವುದಿಲ್ಲ.

"ಬಂದೆ. ಮಲಗಿದ್ದ. ಒಂದ ಮಗ್ಗಲಾಗಿ, ಕೈ ತಲಿಗಿಟಗೊಂಡು, ಕೂಸಿನಂಗ. ಹಿಂದಿನ ದಿನಾ ವ್ಯಾಗನ್ ಮೂರ ತುಂಬಿದ್ದ. ದಣದಾನ, ಇನ್ನೊಂದೀಟ ಮಲಗಲಿ, ಅವನ ಜಾಗಾ ಕಡೀಕ ಸಾರಿಸಿದ್ರ ಆತು ಅಂತ ಎಬ್ಬಿಸಲಿಲ್ಲ. ಸುತ್ತೂ ಕಡೆ ಸಾರಿಸಿದೆ. ತಲಿ ಕಡೆ ಸಾರಿಸಿದೆ, ಕಾಲ ಕಡೆ ಸಾರಿಸಿದೆ. ಹನಿ ಸಿಡದ ಎಚ್ಚರ ಆದಾನು ಅಂತ ಕೈ ಸಾವಕಾಶ ಆಡಿಸಿದೆ. ಎಲ್ಲಾ ಮುಗೀತು. ಬಿಸಲ ಬಂತು. ಆವಾಗ ಬಂದ ಮುಟ್ಟಿದೆ."

ಮಗಿಯನ್ನು ತೊಳೆದು ಬೋರಲು ಹಾಕುತ್ತಾಳೆ. ಇನ್ನೊಂದು ತೆಗೆದುಕೊಳ್ಳುತ್ತಾಳೆ.

"ಥಣ್ಣಗ ಇತ್ತು."

ಹೆಣ ಎತ್ತಿದ ಮೇಲೆ ಆ ಜಾಗವನ್ನು ಸಾರಿಸುವುದು ನಮ್ಮ ಮನೆಗಳ ರೂಢಿ. ಅದನ್ನು ಮಾಡಿದ ಮೇಲೇ ಹೋದವರು ಹೋದಂತೆ. ಸತ್ಯವ್ವ ಐದು ದಿನ ಏಳಲಿಲ್ಲ. ಆರನೆಯ ದಿನ ಆ ನಾಲ್ಕು ಮೊಳ ಸಾರಿಸಲೆಂದೇ ಬಕೀಟು ಹಿಡಿದು ಬಂದಳು. ಬಾಗಿಲಲ್ಲಿ ರೇಣವ್ವ ನಿಂತಿದ್ದಳು.

ರೇಣವ್ವ ಸತ್ಯವ್ವನ ಓಣಿಯವಳೇ. ಅವಳ ಗಂಡ ಗುರುಶಿದ್ದಪ್ಪ ಬಣ್ಣ ಹಾಕುವವನು. ಅವನೂ ಅವತ್ತು ಬೆಳಿಗ್ಗೆ ಅಂಗಳದ ಗೋಡೆಯ ಪಕ್ಕದಲ್ಲಿ ಕುಡಿದು ಮಲಗಿದ್ದ. ರೇಣವ್ವ ಜಗಳಕ್ಕೆ ಬಂದಿರಲಿಲ್ಲ. ಜಗಳವಾಡಿದ್ದರೆ ಆ ಮಾತು ಇಷ್ಟು ವರ್ಷ ಮನಸ್ಸಿನಲ್ಲಿ ಉಳಿಯುತ್ತಿರಲಿಲ್ಲ ಎನ್ನುತ್ತಾಳೆ ಸತ್ಯವ್ವ. ಅವಳು ಅಂಗಳವನ್ನು ಒಂದು ಸಲ ಪೂರ್ತಿ ನೋಡಿದಳು. ಆಮೇಲೆ ಕೇಳಿದಳು:

"ಎಷ್ಟ ಛಂದ ಸಾರಿಸೀಯವ್ವಾ! ನಮ್ಮ ಮನಿ ಸೋರತೈತಿ, ನೆಲಾ ಕಿತ್ತ ಬಂದೇತಿ. ಇದನ್ನ ಬಿಟ್ಟ ಅಂವ ಅಲ್ಲಿಗೆ ಯಾಕ ಬರ್ತಾನ? ನೀನ ಹೇಳ. ಹೊಲಸಿದ್ದಾಗ ನಿನ್ನ ಗಂಡನೂ ರಾತ್ರಿ ಮನಿಗೆ ಬರ್ತಿದ್ದಿಲ್ಲೇನು?"

ಸತ್ಯವ್ವ ಬಕೀಟು ಕೆಳಗಿಟ್ಟಳು.

"ಹನ್ನೊಂದ ವರ್ಷ ಆತ್ರಿ. ಖರೇ ಹೇಳಿದ್ಲು. ಹೊಲಸಿದ್ದಾಗ ಬರ್ತಿದ್ದ. ಬೈಕೋತ ಬರ್ತಿದ್ದ, ಬೀಳಕೋತ ಬರ್ತಿದ್ದ, ಆದ್ರ ಬರ್ತಿದ್ದ. ಬರಲಾರದಂಗ ಮಾಡಿದ್ದು ಈ ಕೈ."

ಅವತ್ತು ಅವಳು ಆ ಜಾಗ ಸಾರಿಸಲಿಲ್ಲ. ಮರದ ನೆರಳಿನ ತಂಪು ಜಾಗ; ಸಾರಿಸಿದರೆ ಸಂಜೆಗೆ ಮತ್ತೊಬ್ಬ ಬಂದು ಮಲಗುತ್ತಾನೆ. ಮರುದಿನವೂ ಸಾರಿಸಲಿಲ್ಲ. ಹಾಗೆ ಬಿಟ್ಟದ್ದು ಹಾಗೇ ಉಳಿದಿದೆ. ಈಗ ಅಲ್ಲಿ ಯಾರೂ ಕೂರುವುದಿಲ್ಲ. ಹೊಸಬರು ಬಂದು ಕಾರಣ ಕೇಳಿದರೆ ಹಳಬರು ಮಾತು ಬೇರೆಡೆಗೆ ತಿರುಗಿಸುತ್ತಾರೆ. ಒಬ್ಬಿಬ್ಬರು ಅದನ್ನು ನೋಡಿ ಮಗಿ ಅರ್ಧಕ್ಕೇ ಬಿಟ್ಟು ಎದ್ದು ಹೋದದ್ದನ್ನು ಉಡಚಪ್ಪ ಕಂಡಿದ್ದಾನೆ. "ಇಬ್ಬರ," ಎಂದು ಅವನೇ ತಿದ್ದುತ್ತಾನೆ. "ಹನ್ನೊಂದ ವರ್ಷದಾಗ ಇಬ್ಬರ. ಹೆಚ್ಚ ಹೇಳಿದ್ರ ಪಾಪ ಬರ್ತೈತಿ."

ಹಾಗಿದ್ದರೆ ಉಳಿದ ಅಂಗಳವನ್ನು ಏಕೆ ಬಿಡಲಿಲ್ಲ? ಕೇಳುವುದು ಸುಲಭ. ಸತ್ಯವ್ವ ಈ ಪ್ರಶ್ನೆಯನ್ನು ತಪ್ಪಿಸುವುದಿಲ್ಲ.

"ಹೊಟ್ಟಿ ಐತಲ್ರೀ ಯಪ್ಪಾ. ಬಿಟ್ಟರ ಯಾರ ಮನ್ಯಾಗ ಕೆಲಸಾ ಕೊಡ್ತಾರ? ಹೆಸರ ಕೇಳಿದ ಕೂಡ್ಲೆ, 'ಓ, ಆ ಅಂಗಳದ ಸತ್ಯವ್ವ ಹೌದಲ್ಲೋ' ಅಂತ ಬಾಗಲಾ ಹಾಕ್ತಾರ. ಒಂದೆರಡ ಕಡೆ ಕೇಳೀನಿ, ಆಗೇತಿ. ಮತ್ತ ಈ ಕೈನೂ ಕೇಳಂಗಿಲ್ಲ. ಹೊಲಸ ಕಂಡ್ರ ತಾನ ಹೋಗತೈತಿ. ತಪ್ಪ ಗೊತ್ತಿದ್ದೂ ಮಾಡಿದೆ. ಅದಕ್ಕ ಏನ ಅಂತಾರೋ ನಿಮ್ಮ ಪುರಾಣದಾಗ, ಅದನ್ನ ಬರ್ಕೋರಿ."

ಅವಳು ಹೇಳಿದ್ದನ್ನೇ ಹೇಳಿದಂತೆ ಬರೆದುಕೊಂಡದ್ದಾಯಿತು.

ಗುರುಶಿದ್ದಪ್ಪ ಈಗ ಇಲ್ಲ. ಮೂರು ವರ್ಷದ ಹಿಂದೆ ಕಾಮಾಲೆಯಲ್ಲಿ ಹೋದ. ರೇಣವ್ವ ಅದೇ ಓಣಿಯಲ್ಲಿದ್ದಾಳೆ. ನಲ್ಲಿಯ ಹತ್ತಿರ ಇಬ್ಬರೂ ಎದುರಾಗುತ್ತಾರೆ, ಮಾತಿಲ್ಲ.

"ಅಂಗಡಿ ಬಂದ್ ಆಗೂ ದಿನಾ ರೇಣವ್ವ ಓಣಿಗೆಲ್ಲಾ ಸಕ್ರಿ ಹಂಚತಾಳಂತ, ಅಕ್ಕಾ," ಎಂದು ಉಡಚಪ್ಪ ಸುದ್ದಿ ತರುತ್ತಾನೆ.

"ಹಂಚಲಿ. ನನಗೂ ಒಂದ ಚಿಟಿಕಿ ಇಡಾಕ ಹೇಳ," ಎನ್ನುತ್ತಾಳೆ ಸತ್ಯವ್ವ. ಸ್ವಲ್ಪ ತಡೆದು, "ಕೊಟ್ಟರ," ಎಂದು ಸೇರಿಸುತ್ತಾಳೆ.

ಕಲ್ಲಿನ ಚಿಂತೆ ಎಂದದ್ದು ಇದಕ್ಕೇ. ಅಮಾವಾಸ್ಯೆಯ ಸಂಜೆ ಕೊನೆಯ ಗಿರಾಕಿ ಎದ್ದ ಮೇಲೆ ಇದು ಶಿಂದಿ ಅಂಗಡಿಯಲ್ಲ. ಮರುದಿನ ಎಂಟು ಗಂಟೆಗೆ ವಖಾರಿ. ನಡುವೆ ಒಂದೇ ಬೆಳಗು, ಯಾರದೂ ಅಲ್ಲದ್ದು. ಅವತ್ತು ಸಾರಿಸಿದರೆ ಅಲ್ಲಿ ಬಂದು ಮಲಗುವವರಿಲ್ಲ. ಹನ್ನೊಂದು ವರ್ಷ ಉಳಿದುಹೋದ ಕೆಲಸ ಅಂದು ಮಾತ್ರ ಮುಗಿಸಬಹುದು. ಎಂಟರ ಮೇಲೆ ಫರಸಿ ಬಿತ್ತೆಂದರೆ ಎಂದೆಂದಿಗೂ ಇಲ್ಲ. ಆದರೆ ಬಾಗಿಲಿಗೆ ಕೀಲಿ ಬಿದ್ದಿರುತ್ತದೆ.

ಗುತ್ತೇದಾರರನ್ನು ಸತ್ಯವ್ವ ಕೇಳಿಕೊಂಡಳು. ಅವರು ಕೆಟ್ಟವರಲ್ಲ, ಹೋಗುವಾಗ ಸೀರೆ ಕೊಡಿಸುವುದಾಗಿ ಹೇಳಿದ್ದಾರೆ. ನಕ್ಕು ಅಂದರಂತೆ: "ಫರಸಿ ಹಾಸೂ ನೆಲಕ್ಕ ಶಗಣಿ ಯಾಕ ಬೇ? ಅವತ್ತರ ಬೆಳಗ ಆಗೂತನಕಾ ಮಲಕ್ಕೋ." ಕಾರಣ ಹೇಳದೆಯೇ ಅವಳು ತಿರುಗಿ ಬಂದಳು. ಸೀರೆಯ ಬದಲು ಒಂದು ಬೆಳಗು ಕೊಡಿ ಎಂದು ಕೇಳಲು ಇನ್ನೊಮ್ಮೆ ಹೋದಳಂತೆ. ಅವರು ಹುಬ್ಬಳ್ಳಿಗೆ ಹೋಗಿದ್ದರು.

ಇದನ್ನೆಲ್ಲ ಕೇಳುತ್ತ ಉಡಚಪ್ಪ ಖಾಲಿ ಗಡಿಗೆಗಳನ್ನು ಗೋಡೆಗೆ ಒರಗಿಸುತ್ತಿದ್ದಾನೆ. ಗಡಿಗೆಗೆ ಹೇಳುವವನಂತೆ ಹೇಳುತ್ತಾನೆ:

"ಕೀಲಿಕೈ ಎಂಟಕ್ಕ ವ್ಯಾಪಾರಿ ಕೈಯಾಗ ಕೊಡ ಅಂದಾರ. ಕೊಡ್ತೇನಿ. ಎಂಟರತನಕಾ ಎಲ್ಲಿಡಬೇಕು ಅಂತೇನ ಹೇಳಿಲ್ಲ. ನನ್ನ ಅಂಗಿ ಕಿಸೇಕ ತೂತ ಬಿದ್ದೇತಿ. ನಸಕಿನ್ಯಾಗ ಈ ದಾರೀಲೆ ಬರೂ ಮುಂದ ಎಲ್ಲೆರ ಬಿದ್ದೀತು ಅಂತ ಅಂಜಿಕಿ ಐತಿ ನೋಡಕ್ಕಾ. ಬಾಗಲದ ಬಾಜೂಕ, ಚಪ್ಪಲಿ ಬಿಡೂ ಕಲ್ಲಿನ ಕೆಳಗ, ಅಲ್ಲೇ ಎಲ್ಲೆರ."

ಸತ್ಯವ್ವ ಅವನ ಮುಖ ನೋಡುತ್ತಾಳೆ. ಕೈಯಲ್ಲಿನ ಮಗಿಯನ್ನು ಇನ್ನೊಮ್ಮೆ ತೊಳೆಯುತ್ತಾಳೆ. ಅದು ಆಗಲೇ ಹಸನಾಗಿದೆ.

"ಹುಚ್ಚ," ಎನ್ನುತ್ತಾಳೆ. "ಅಂಗೀ ಕೊಡ ಇತ್ತಾಗ, ಹೊಲಿದ ಕೊಡ್ತೇನಿ."

"ಅಮಾಸಿ ಆದ ಮ್ಯಾಲ ಹೊಲಿ," ಎನ್ನುತ್ತಾನೆ ಉಡಚಪ್ಪ.

ಹೊರಗೆ ಚಕ್ಕಡಿಗಳ ಗಂಟೆಯ ಸದ್ದು ಊರೊಳಗೆ ಸರಿಯುತ್ತಿದೆ. ಹಸಿ ಅಂಗಳ ಅಂಚಿನಿಂದ ಒಣಗುತ್ತ ಬರುತ್ತಿದೆ. ಹೊಸ ಸರಕಾರ, ಹೊಸ ವಖಾರಿ. ಇನ್ನೆರಡು ವರ್ಷಕ್ಕೆ ಈ ಹೆಸರು ಜನರ ಬಾಯಿಂದಲೂ ಹೋದೀತು. ಹೋಗಲಿ ಎನ್ನುತ್ತಾಳೆ ಅವಳು. ಹೆಸರು ಬೇಡ. ಬೇಕಾದದ್ದು ಒಂದು ಪುಟ್ಟಿ ಸಗಣಿ, ಎರಡು ಕೊಡ ನೀರು, ನಾಲ್ಕು ಮೊಳ ನೆಲ.

"ಭಾಳ ಹೊತ್ತ ಹಿಡಿಯಂಗಿಲ್ರಿ," ಎಂದು ಆ ಒಣನೆಲದ ಕಡೆ ನೋಡುತ್ತ ಹೇಳುತ್ತಾಳೆ. "ಆದ್ರ ಸಾರಿಸೂಕಿಂತ ಮೊದಲ ಒಂದ ಕೆಲಸಾ ಐತಿ. ಕುಂತ ಕೂಗತೇನಿ. 'ಏಳ, ಬೆಳಗಾತು, ಮನಿಗೆ ನಡಿ' ಅಂತ. ದಿನಾ ಕೂಗತಿದ್ದೆ. ಅವತ್ತೊಂದ ದಿನಾ ಕೂಗಲಿಲ್ಲ ನೋಡ್ರಿ."